ಉಯಿಲೂ ವಕೀಲರೂ: ಶಾಗ್ಯದ ಭೂಹಿಡುವಳಿಯ ಹಿನ್ನೆಲೆಯಲ್ಲಿ ಒಂದು ವಿಚಾರ

ಉಯಿಲು, ಅರ್ಥಾತ್ ಮರಣಶಾಸನದ ಮಾತನ್ನೆತ್ತುವುದೇ ಅಶುಭವೆಂದು ಭಾವಿಸುವ ಮನೆಗಳು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇಂದಿಗೂ ಉಂಟು. ಮನೆಯ ಹಿರಿಯರು ಹಾಸಿಗೆ ಹಿಡಿದ ಮೇಲೆ ಅವಸರದಲ್ಲಿ ಬರೆಸಿದ ಒಂದು ಹಾಳೆ, ಅದರ ಕೆಳಗೆ ನಡುಗುವ ಕೈಯ ಹೆಬ್ಬೆಟ್ಟು, ಸಾಕ್ಷಿಗಳಾಗಿ ಆಗ ಪಡಸಾಲೆಯಲ್ಲಿದ್ದ ಇಬ್ಬರು. ಎಷ್ಟೋ ಉಯಿಲುಗಳ ವೃತ್ತಾಂತ ಇಷ್ಟೇ. ವಕೀಲರನ್ನು ಕಾಣುವುದು ವ್ಯಾಜ್ಯ ಹುಟ್ಟಿದ ಮೇಲೆ ಎಂಬ ಭಾವನೆ ಬಲವಾಗಿರುವುದರಿಂದ, ವ್ಯಾಜ್ಯ ಹುಟ್ಟದಂತೆ ಮಾಡಬಲ್ಲ ವಕೀಲರನ್ನು ಮೊದಲೇ ಹುಡುಕುವ ಪದ್ಧತಿ ಬೆಳೆದಿಲ್ಲ. ಅಂತಹ ವಕೀಲರನ್ನು ಗುರುತಿಸುವ ಬಗೆ ಹೇಗೆಂಬುದೇ ಪ್ರಸ್ತುತ ಲೇಖನದ ವಿಷಯ.

ಇದಕ್ಕೆ ಹನೂರು ತಾಲ್ಲೂಕಿನ ಶಾಗ್ಯವನ್ನು ನಿದರ್ಶನವಾಗಿ ತೆಗೆದುಕೊಳ್ಳಲು ಕಾರಣವಿದೆ. ಈ ಪ್ರದೇಶ ಹಳೆಯ ಮೈಸೂರಿನ ಮಗ್ಗುಲಲ್ಲೇ ಇದ್ದರೂ ಟಿಪ್ಪುವಿನ ಪತನಾನಂತರ, 1799ರ ಬಳಿಕ, ಬ್ರಿಟಿಷರ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾಯಿತು. ತರುವಾಯ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಆದಕಾರಣ ಶಾಗ್ಯದ ಒಂದು ಹಳೆಯ ಹೊಲದ ಕಾಗದಪತ್ರಗಳು ಎರಡು ರಾಜ್ಯಗಳ ಕಂದಾಯ ಪದ್ಧತಿಗಳನ್ನು ಹಾದು ಬಂದಿರುತ್ತವೆ. ಪೆಟ್ಟಿಗೆಯ ತಳದಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಎಂಬ ಮದರಾಸು ಹೆಸರಿನ ಕಾಗದಗಳು, ಕೆಲವೊಮ್ಮೆ ತಮಿಳು ಇಲ್ಲವೆ ಇಂಗ್ಲಿಷ್ ಬರಹದೊಡನೆ ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ. ಇಂದು ಕಂಪ್ಯೂಟರಿನಿಂದ ಹೊರಬರುವ ಪಹಣಿಯು ಇಂದಿನ ಹಿಡುವಳಿದಾರನ ಹೆಸರನ್ನು ಹೇಳುತ್ತದೆಯೇ ಹೊರತು ಅಜ್ಜನ ಕಾಲದ ಮೂಲವನ್ನು ಹೇಳುವುದಿಲ್ಲ.

ಆ ಮೂಲವೇ ಉಯಿಲಿನ ಅಡಿಗಲ್ಲು. ತನ್ನದಲ್ಲದುದನ್ನು ಯಾರೂ ಉಯಿಲಿನ ಮೂಲಕ ಕೊಡಲಾರರು. ಅಂತೆಯೇ ವಕೀಲರನ್ನು ಪರೀಕ್ಷಿಸಲು ಒಂದು ಸರಳವಾದ ಒರೆಗಲ್ಲಿದೆ. “ಯಾರಿಗೆ ಎಷ್ಟು ಬರೆಯೋಣ?” ಎಂದು ಮೊದಲು ಕೇಳುವವರಿಗಿಂತ “ಈ ಜಮೀನು ನಿಮಗೆ ಬಂದದ್ದು ಹೇಗೆ, ಯಾವ ವರ್ಷ?” ಎಂದು ಮೊದಲು ಕೇಳುವವರು ಮೇಲು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪತ್ನಿಯನ್ನು ಕಳೆದುಕೊಂಡ ಒಬ್ಬ ವೃದ್ಧ ರೈತನಿಗೆ ಎಂಟು ಎಕರೆ ಖುಷ್ಕಿ ಜಮೀನು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆಂದು ಭಾವಿಸೋಣ. ಆ ಜಮೀನು ಆತನ ತಂದೆಯ ಸ್ವಯಾರ್ಜಿತ. ಆತ ಒಬ್ಬನೇ ಮಗ, ತಾಯಿ ಮೊದಲೇ ತೀರಿಕೊಂಡವಳು. ಆ ತಂದೆ 1950ರಲ್ಲಿ ಮೃತನಾಗಿದ್ದರೆ, ಹಳೆಯ ಹಿಂದೂ ಧರ್ಮಶಾಸ್ತ್ರದಂತೆ ಜಮೀನು ಮಗನ ಕೈಯಲ್ಲಿ ಪಿತ್ರಾರ್ಜಿತವಾಗಿ, ಮಕ್ಕಳು ಹುಟ್ಟಿನಿಂದಲೇ ಅದರಲ್ಲಿ ಪಾಲುಗಾರರಾಗುತ್ತಾರೆ. ಇಂದಿನ ಕಾನೂನಿನಲ್ಲಿ ತಂದೆ ಮತ್ತು ಮೂವರು ಮಕ್ಕಳಿಗೆ ನಾಲ್ಕು ಸಮಭಾಗ. ವೃದ್ಧನು ಉಯಿಲಿನಲ್ಲಿ ಕೊಡಬಹುದಾದದ್ದು ಎರಡೇ ಎಕರೆ. ಅದೇ ತಂದೆ ಉಯಿಲು ಬರೆಯದೆ 1960ರಲ್ಲಿ ಮೃತನಾಗಿದ್ದರೆ, 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಅಧಿನಿಯಮದ 8ನೆಯ ಪ್ರಕರಣದಂತೆ ಜಮೀನು ಮಗನ ಸ್ವಂತ ಆಸ್ತಿಯಾಗಿ ಬರುತ್ತದೆ. ಇದನ್ನು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿಯೂ 1987ರಲ್ಲಿಯೂ ಎತ್ತಿಹಿಡಿದಿದೆ. ಆಗ ಎಂಟು ಎಕರೆಯನ್ನೂ ತನ್ನಿಚ್ಛೆಯಂತೆ ಬರೆಯಬಹುದು. ಹೊಲ ಒಂದೇ, ಕುಟುಂಬ ಒಂದೇ. ಒಂದು ಸಾವಿನ ವರ್ಷದಿಂದ ಆರು ಎಕರೆಯ ವ್ಯತ್ಯಾಸ! ಕೊಳ್ಳೇಗಾಲವು ರಾಜ್ಯ ಬದಲಿಸಿದ ವರ್ಷವೂ, ದೇಶದ ಉತ್ತರಾಧಿಕಾರ ನ್ಯಾಯ ಬದಲಾದ ವರ್ಷವೂ ಒಂದೇ ಆಗಿರುವುದರಿಂದ, ಆ ಭಾಗದ ವಕೀಲರು 1956ರ ಎರಡೂ ಬದಿಯನ್ನು ಬಲ್ಲವರಾಗಿರಬೇಕು.

“ಲಿಂಗಾಯತರಿಗೆ ಈ ಅಧಿನಿಯಮ ಅನ್ವಯಿಸುವುದೇ?” ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಧಾರ್ಮಿಕ ಚರ್ಚೆ ಏನೇ ಇರಲಿ, ಆಸ್ತಿಯ ಮಟ್ಟಿಗೆ ಉತ್ತರ ಅಧಿನಿಯಮದ 2ನೆಯ ಪ್ರಕರಣದಲ್ಲಿಯೇ ಇದೆ. ವೀರಶೈವ, ಲಿಂಗಾಯತ ಎಂಬ ಎರಡೂ ಹೆಸರುಗಳನ್ನು ಅಲ್ಲಿ ಸ್ಪಷ್ಟವಾಗಿ ಸೇರಿಸಲಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಹಿರಿಯರ ನೆನಪು ಹಿಂದುಳಿದಿರುವುದು ಇನ್ನೂ ಹೆಚ್ಚು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿತಾದರೂ ಅಂದಿನ ಕೊಳ್ಳೇಗಾಲ ಆ ಗಡಿಯ ಹೊರಗಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ನೀಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನೇ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಡಿಕ್ರಿಯಿಂದಲೋ ಆದ ವಿಭಾಗಗಳು ಮಾತ್ರ ಉಳಿದುಕೊಳ್ಳುತ್ತವೆ. ಬಾಯಿಮಾತಿನ ಪಾರೀಕತ್ತನ್ನು ನ್ಯಾಯಾಲಯ ಸುಲಭವಾಗಿ ಒಪ್ಪದು. “ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತು” ಎಂಬ ಒಂದೇ ವಾಕ್ಯವನ್ನು ನಂಬಿ ಉಯಿಲು ಬರೆದುಕೊಡುವ ವಕೀಲರು ಮಕ್ಕಳಿಗೆ ವ್ಯಾಜ್ಯವನ್ನೇ ಬರೆದುಕೊಟ್ಟಂತೆ.

ಉಯಿಲಿನ ಬಾಹ್ಯ ನಿಯಮಗಳು ಅಲ್ಪ. ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಪ್ರಕರಣದಂತೆ ಬರೆದವರ ಸಹಿ ಅಥವಾ ಗುರುತು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಛಾಪಾಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಈ ಭಾಗದಲ್ಲಿ ಪ್ರೊಬೇಟ್ ಸಹ ಕಡ್ಡಾಯವಲ್ಲ. ಇಷ್ಟು ಸುಲಭವಾಗಿರುವುದೇ ಅಪಾಯ. ಮೈಸೂರಿನಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಮೊಕದ್ದಮೆಯಲ್ಲಿ, 1958ರ ನವೆಂಬರ್ 13ರಂದು, ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಇಂದಿಗೂ ದೇಶಾದ್ಯಂತ ಉದ್ಧರಿಸಲ್ಪಡುವ ತತ್ತ್ವಗಳನ್ನು ನಿರೂಪಿಸಿದರು. ನಡುಗುವ, ಸಂಶಯಾಸ್ಪದವಾದ ಸಹಿ, ಬರೆದವರ ಬುದ್ಧಿಯ ದೌರ್ಬಲ್ಯ, ಅಸಹಜವಾದ ಹಂಚಿಕೆ, ಉಯಿಲಿನಿಂದ ಹೆಚ್ಚಿನ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿರುವುದು, ಇಂತಹ ಸಂದೇಹಗಳಿದ್ದಲ್ಲಿ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ. ಹಿರಿಯ ಮಗನು ತನಗೆ ಪರಿಚಿತರಾದ ವಕೀಲರನ್ನು ಕರೆತಂದು, ತಾನೇ ಶುಲ್ಕ ಕೊಟ್ಟು, ತನ್ನ ಮುಂದೆಯೇ ಬರೆಸುವ ರೂಢಿ ಎಷ್ಟು ಹಾನಿಕರವೆಂಬುದು ಇದರಿಂದ ತಿಳಿಯುತ್ತದೆ. ವಕೀಲರು ಬರೆಸುವವರ ವಕೀಲರಾಗಿರಬೇಕು. ವೃದ್ಧರೊಡನೆ ಏಕಾಂತದಲ್ಲಿ ಮಾತನಾಡುವೆನೆಂದು ಅವರು ಕೇಳಿಕೊಂಡರೆ ಮನೆಯವರು ಅಪಾರ್ಥ ಮಾಡಿಕೊಳ್ಳಬಾರದು. ಸಾಕ್ಷಿಗಳಲ್ಲಿ ಒಬ್ಬರಾದರೂ ಮುಂದೆ ನ್ಯಾಯಾಲಯದಲ್ಲಿ ನುಡಿಯಬೇಕಾಗಬಹುದಾದ್ದರಿಂದ, ಬರೆಸುವವರಿಗಿಂತ ಕಿರಿಯರಾದವರನ್ನು ಆರಿಸುವುದು ಲೇಸು. ಎಂಬತ್ತರ ಮುದುಕನ ಉಯಿಲಿಗೆ ಎಂಬತ್ತೈದರ ಗೆಳೆಯರ ಸಾಕ್ಷಿ ಸ್ನೇಹಕ್ಕೆ ಭೂಷಣ, ಮೊಕದ್ದಮೆಗಲ್ಲ.

ಹಾಗಾದರೆ ಇಂತಹ ವಕೀಲರು ದೊರೆಯುವುದೆಲ್ಲಿ? ವಕೀಲರು ಜಾಹೀರಾತು ನೀಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿರುವುದರಿಂದ, ದೊಡ್ಡ ಫಲಕವನ್ನು ನೋಡಿ ನಂಬುವ ದಾರಿ ಇಲ್ಲ, ಕೇಳಿ ತಿಳಿಯಬೇಕು. ಶಾಗ್ಯದವರಿಗೆ ಕೊಳ್ಳೇಗಾಲದ ನ್ಯಾಯಾಲಯದ ಆವರಣವೇ ಸಹಜವಾದ ಆರಂಭ. ಅಲ್ಲಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರಾದವರಿಗಿಂತ ವಿಭಾಗದ ದಾವೆಗಳನ್ನು ನಡೆಸಿದವರನ್ನು ಅರಸಬೇಕು. ಮುರಿದುಬಿದ್ದ ಉಯಿಲುಗಳನ್ನು ಕಂಡವರಿಗೇ ಮುರಿಯದ ಉಯಿಲನ್ನು ಬರೆಯುವ ಬಗೆ ಗೊತ್ತು. ಸನ್ನದು ಉಂಟೇ ಎಂಬುದನ್ನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯಿಂದ ತಿಳಿಯಬಹುದು. ಉಪನೋಂದಣಾಧಿಕಾರಿಗಳ ಕಚೇರಿಯ ಬಳಿಯ ಪತ್ರಬರಹಗಾರರು ಕ್ರಯಪತ್ರ ಬರೆಯುವುದರಲ್ಲಿ ನುರಿತವರಾಗಿರಬಹುದು, ಆದರೆ ಹಕ್ಕಿನ ಮೂಲವನ್ನು ಶೋಧಿಸಿ ಸಲಹೆ ನೀಡುವುದು ಅವರ ಕೆಲಸವಲ್ಲ. ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಬೇಕು. ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದು ವೃತ್ತಿನಿಯಮಕ್ಕೆ ವಿರುದ್ಧವಾದುದರಿಂದ ಅಂತಹ ಮಾತು ಬಂದಲ್ಲಿ ಎದ್ದುಬರುವುದೇ ಸರಿ. ಶುಲ್ಕ ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವಿದೆ. ಸ್ತ್ರೀಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು. 15100 ಎಂಬ ದೂರವಾಣಿ ಸಂಖ್ಯೆಯೂ ಅದಕ್ಕಾಗಿಯೇ ಇದೆ.

ವಿದ್ಯಾಸಂಸ್ಥೆಗೋ ಮಠಕ್ಕೋ ದತ್ತಿಯನ್ನು ಉಯಿಲಿನ ಮೂಲಕ ಬಿಡಬಯಸುವ ದಾನಿಗಳಿಗೆ ಒಂದು ಮಾತು ಅವಶ್ಯ. ಪೂಜ್ಯರ ವೈಯಕ್ತಿಕ ಹೆಸರಿಗೆ ಬರೆಯುವುದಕ್ಕೂ, ನೋಂದಾಯಿತ ಸಂಸ್ಥೆಯ ಪೂರ್ಣ ಹೆಸರಿಗೆ ಬರೆಯುವುದಕ್ಕೂ ಕಾನೂನಿನಲ್ಲಿ ಅಂತರವಿದೆ. ವಿದ್ಯಾರ್ಥಿವೇತನಕ್ಕೋ, ಕಟ್ಟಡಕ್ಕೋ, ದಾಸೋಹಕ್ಕೋ ಎಂಬುದನ್ನೂ ಸ್ಪಷ್ಟಪಡಿಸಬೇಕು. ಆದರೆ ಆ ಉಯಿಲನ್ನು ಸಂಸ್ಥೆಯ ವಕೀಲರಿಂದಲೇ ಬರೆಸಬಾರದು. ಲಾಭ ಪಡೆಯುವವನು ಮುಂದೆ ನಿಲ್ಲಬಾರದೆಂಬ ನಿಯಮ ಹಿರಿಯ ಮಗನಿಗೆ ಹೇಗೋ ಧರ್ಮಸಂಸ್ಥೆಗೂ ಹಾಗೆಯೇ.

ಬರೆದ ಉಯಿಲು ಕಾಲಕ್ಕೆ ಸಿಗದೆ ಹೋಗುವುದೂ ಉಂಟು. ಅದಕ್ಕೆ 1908ರ ನೋಂದಣಿ ಅಧಿನಿಯಮದ 42ನೆಯ ಪ್ರಕರಣದಲ್ಲಿ ಹೆಚ್ಚು ಬಳಕೆಗೆ ಬಾರದ ಒಂದು ಅನುಕೂಲವಿದೆ. ಉಯಿಲನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಬಹುದು. ಬರೆದವರು ಬದುಕಿರುವಷ್ಟು ಕಾಲ ಅದನ್ನು ಹಿಂದಕ್ಕೆ ಪಡೆಯಬಹುದು; ಅವರ ಮರಣಾನಂತರ, ಅರ್ಜಿ ಸಲ್ಲಿಸಿದವರ ಸಮಕ್ಷಮದಲ್ಲಿ ಲಕೋಟೆಯನ್ನು ತೆರೆದು ಒಳಗಿನ ಬರಹವನ್ನು ಪುಸ್ತಕಕ್ಕೆ ನಕಲು ಮಾಡಿಸಲಾಗುತ್ತದೆ.