ಗಣಕದ ಪರದೆಯೂ ಇರುಳಿನ ಬೆಳಕೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಪಾಠವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಒತ್ತಾಯಿಸಿದಾಗ, ಊರಿನ ಮನೆಗಳಲ್ಲಿ ನಾನು ಮತ್ತೆ ಮತ್ತೆ ಎದುರಿಸುವ ಪ್ರಶ್ನೆಯನ್ನೇ ವಿಷಯವಾಗಿ ಆರಿಸಿಕೊಂಡೆ. “ಮಾಷ್ಟ್ರೇ, ರಾತ್ರಿ ಪರದೆಯನ್ನು ಹಳದಿ ಮಾಡಿಕೊಂಡರೆ ಕಣ್ಣಿಗೆ ಒಳ್ಳೆಯದಂತೆ, ಹೌದೋ?” ಎಂದು ಕೇಳುವವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯ ಮಕ್ಕಳ ತಾಯಂದಿರು. 2020ರ ಜೂನ್ ತಿಂಗಳಲ್ಲಿ ಕೇರಳದ ಶಾಲೆಗಳಿಗೆ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಪರದೆ ಬಂದಿತು. ಕೊರೊನಾ ಕಾಲ ಕಳೆದು ಶಾಲೆಯ ಬಾಗಿಲು ತೆರೆದ ಮೇಲೂ ಅದು ಮನೆಯಲ್ಲಿಯೇ ಉಳಿಯಿತು. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅದರ ಮುಂದೆ ಕುಳಿತ ಮಗುವಿನ ಕಣ್ಣಿನ ಚಿಂತೆಯೂ ನಿದ್ದೆಯ ಚಿಂತೆಯೂ ಹೆತ್ತವರಿಗೆ ಸಹಜವೇ. ಆದುದರಿಂದ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸದೆ ವಿಷಯವನ್ನು ಬುಡದಿಂದ ನೋಡೋಣ.

ಬೆಳಕಿನ ಬಣ್ಣಕ್ಕೂ ತಾಪವನ್ನು ಹೇಳುವ ಪದ್ಧತಿ ಭೌತಶಾಸ್ತ್ರದಲ್ಲಿದೆ. ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಬ್ಬಿಣವು ಕಾಯತೊಡಗಿದಾಗ ಮೊದಲು ಮಂದವಾದ ಕೆಂಪು, ಬಳಿಕ ಕಿತ್ತಳೆ, ಇನ್ನೂ ಕಾದರೆ ಹಳದಿ, ಅನಂತರ ಕಣ್ಣು ಕೋರೈಸುವ ಬಿಳುಪು. ಕಬ್ಬಿಣ ಕರಗದೆ ಇನ್ನೂ ಕಾಯುವಂತಿದ್ದರೆ ಆ ಬಿಳುಪಿನಲ್ಲಿ ನೀಲಿಯ ಛಾಯೆ ಕಾಣಿಸುತ್ತಿತ್ತು. ಅತ್ಯಂತ ಬಿಸಿಯಾದ ನಕ್ಷತ್ರಗಳು ನೀಲಿಯಾಗಿ ತೋರುವುದು ಇದೇ ಕಾರಣದಿಂದ. ಕಾದ ಆದರ್ಶ ಕಪ್ಪು ವಸ್ತು ಯಾವ ತಾಪದಲ್ಲಿ ಯಾವ ಯಾವ ಬೆಳಕನ್ನು ಎಷ್ಟೆಷ್ಟು ಬೀರುತ್ತದೆ ಎಂಬುದನ್ನು ಮ್ಯಾಕ್ಸ್ ಪ್ಲಾಂಕ್ ಅವರು 1900ರಲ್ಲಿ ಸೂತ್ರರೂಪದಲ್ಲಿ ಹಿಡಿದುಕೊಟ್ಟರು. ಆ ತಾಪವನ್ನು ಕೆಲ್ವಿನ್ ಮಾನದಲ್ಲಿ ಹೇಳಿದರೆ ಅದೇ ಬೆಳಕಿನ ವರ್ಣತಾಪ. ಮೇಣದ ಬತ್ತಿಯದು ಸುಮಾರು 1900 ಕೆಲ್ವಿನ್. ನಮ್ಮ ಹಿರಿಯರ ಚಿಮಿಣಿ ದೀಪವೂ ಆ ಬಳಗಕ್ಕೇ ಸೇರಿದ್ದು. ಹಳೆಯ ತಂತಿಯ ಬಲ್ಬಿನದು ಸುಮಾರು 2700, ನಡುಹಗಲ ಬಿಸಿಲಿನದು ಸುಮಾರು 5500. ಗಣಕದ ಪರದೆಗಳ ಬಿಳುಪನ್ನು 6500 ಕೆಲ್ವಿನ್‌ಗೆ ಹೊಂದಿಸುವುದು ವಾಡಿಕೆ. ಇಲ್ಲೊಂದು ವಿನೋದವಿದೆ. ಚಿತ್ರಕಾರರು ‘ಬೆಚ್ಚಗಿನ ಬಣ್ಣ’ ಎನ್ನುವ ಕೆಂಪು ಹಳದಿಗಳು ಕಡಿಮೆ ತಾಪದವು. ಅವರು ‘ತಣ್ಣನೆಯದು’ ಎನ್ನುವ ನೀಲಿಯೇ ಹೆಚ್ಚು ತಾಪದ್ದು. ಮಕ್ಕಳು ಉತ್ತರಪತ್ರಿಕೆಯಲ್ಲಿ ಎಡವುವುದೂ ಇಲ್ಲಿಯೇ.

ಪರದೆಯೇನೂ ಕುಲುಮೆಯಂತೆ ಕಾಯುವುದಿಲ್ಲ. ಅದು ಬಣ್ಣವನ್ನು ಅನುಕರಿಸುತ್ತದೆ ಅಷ್ಟೆ. ಹೇಗೆಂಬುದನ್ನು ಮನೆಯಲ್ಲಿಯೇ ನೋಡಬಹುದು. ಮೊಬೈಲಿನಲ್ಲಿ ಬಿಳಿಯ ಪುಟವೊಂದನ್ನು ತೆರೆದು, ಕಡ್ಡಿಯ ತುದಿಯಿಂದ ನೀರಿನ ಅತಿ ಸಣ್ಣ ಹನಿಯೊಂದನ್ನು ಪರದೆಯ ಮೇಲಿಡಿ. ಹನಿಯು ಪೀನಮಸೂರದಂತೆ ವರ್ತಿಸಿ, ಬಿಳುಪೆಂದು ನಾವು ತಿಳಿದಿದ್ದ ಜಾಗದಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ದೊಡ್ಡದಾಗಿ ತೋರಿಸುತ್ತದೆ. ಪ್ರತಿಯೊಂದು ಬಣ್ಣದ ಪ್ರಮಾಣವನ್ನು ಗಣಕವು ಸಾಮಾನ್ಯವಾಗಿ 0ಯಿಂದ 255ರವರೆಗಿನ ಒಂದು ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ಮೂರೂ 255 ಆದರೆ ಬಿಳುಪು. ಇದೇ ಬಿಳುಪನ್ನು 2700 ಕೆಲ್ವಿನ್‌ನ ಬಲ್ಬಿನಂತೆ ತೋರಿಸಬೇಕಾದರೆ ಕೆಂಪನ್ನು 255ರಲ್ಲಿಯೇ ಬಿಟ್ಟು, ಹಸಿರನ್ನು ಸುಮಾರು 167ಕ್ಕೂ ನೀಲಿಯನ್ನು ಸುಮಾರು 87ಕ್ಕೂ ಇಳಿಸಬೇಕು. ತಂತ್ರಾಂಶ ಮಾಡುವ ಕೆಲಸ ಇಷ್ಟೇ. ಪರದೆಗೆ ಹೋಗುವ ಪ್ರತಿಯೊಂದು ಬಣ್ಣವೂ ಹಾದುಹೋಗಬೇಕಾದ ಒಂದು ಕೋಷ್ಟಕವಿದೆ. ಆ ಕೋಷ್ಟಕದಲ್ಲಿ ನೀಲಿಯ ಪಾಲನ್ನು ಹೆಚ್ಚಾಗಿಯೂ ಹಸಿರಿನ ಪಾಲನ್ನು ಸ್ವಲ್ಪವೂ ತಗ್ಗಿಸುತ್ತದೆ. ಹನಿಯನ್ನು ಹಾಗೆಯೇ ಇಟ್ಟು ಈ ಸೌಲಭ್ಯವನ್ನು ಚಾಲೂ ಮಾಡಿದರೆ ನೀಲಿ ಚುಕ್ಕೆಗಳು ಮಂಕಾಗುವುದನ್ನು ಕಣ್ಣಾರೆ ಕಾಣಬಹುದು. ಶಾಲೆಯ ವಿಜ್ಞಾನ ಸಂಘದವರು ಇದನ್ನೊಂದು ಪ್ರಯೋಗವಾಗಿ ಮಾಡಿಸಲಿ. ಒಂದು ಹನಿ ನೀರಿನ ಹೊರತು ಖರ್ಚಿಲ್ಲ.

ಈ ಬಗೆಯ ತಂತ್ರಾಂಶಗಳಲ್ಲಿ ಹೆಸರಾದುದು ಎಫ್.ಲಕ್ಸ್. ಮೈಕೆಲ್ ಹರ್ಫ್ ಮತ್ತು ಲೋರ್ನಾ ಹರ್ಫ್ ದಂಪತಿಗಳು ಇದನ್ನು 2009ರಲ್ಲಿ ಹೊರತಂದರು. ಊರಿನ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟರೆ ಅಂದಿನ ಸೂರ್ಯಾಸ್ತವನ್ನು ತಾನೇ ಲೆಕ್ಕಹಾಕಿ, ಸಂಜೆ ಪರದೆಯನ್ನು ದೀಪದ ಬಣ್ಣಕ್ಕೆ ಇಳಿಸಿ, ಬೆಳಗಾದೊಡನೆ ಹಗಲಿನ ಬಣ್ಣಕ್ಕೆ ಏರಿಸುವ ಏರ್ಪಾಡು ಅದರದು. ಆಪಲ್ ಸಂಸ್ಥೆಯವರು 2016ರಲ್ಲಿ ‘ನೈಟ್ ಶಿಫ್ಟ್’ ಎಂಬ ಹೆಸರಿನಲ್ಲಿ ತಮ್ಮ ಫೋನುಗಳಿಗೂ, ಮೈಕ್ರೋಸಾಫ್ಟ್‌ನವರು 2017ರಲ್ಲಿ ‘ನೈಟ್ ಲೈಟ್’ ಎಂದು ವಿಂಡೋಸ್‌ಗೂ ಇದನ್ನು ಸೇರಿಸಿದರು. ಇಂದು ಪ್ರತ್ಯೇಕವಾಗಿ ಏನನ್ನೂ ಹಾಕಿಕೊಳ್ಳಬೇಕಾದ ಅಗತ್ಯ ಹೆಚ್ಚಿನವರಿಗಿಲ್ಲ.

ರಾತ್ರಿಯಲ್ಲಿ ನೀಲಿಯ ಮೇಲೇ ಏಕೆ ಈ ಕಟ್ಟುನಿಟ್ಟು? ನಾನು ವಿದ್ಯಾರ್ಥಿಯಾಗಿದ್ದಾಗ ಅಕ್ಷಿಪಟಲದಲ್ಲಿ ಬೆಳಕನ್ನು ಅರಿಯುವವು ದಂಡಕೋಶ, ಶಂಕುಕೋಶಗಳೆಂಬ ಎರಡೇ ಎಂದು ಕಲಿತಿದ್ದೆವು. ಆದರೆ 1998ರಲ್ಲಿ ಮೆಲನಾಪ್ಸಿನ್ ಎಂಬ ಹೊಸ ವರ್ಣದ್ರವ್ಯವೊಂದು ಪತ್ತೆಯಾಯಿತು. ಅದನ್ನು ಹೊಂದಿದ ಕೆಲವು ನರಕೋಶಗಳು ಸ್ವತಃ ಬೆಳಕಿಗೆ ಸ್ಪಂದಿಸುತ್ತವೆ ಎಂಬುದು 2002ರಲ್ಲಿ ತಿಳಿದುಬಂದಿತು. ಚಿತ್ರವನ್ನು ಕಾಣಿಸುವುದು ಇವುಗಳ ಮುಖ್ಯ ಕಾರ್ಯವಲ್ಲ. ಈಗ ಹಗಲೋ ಇರುಳೋ ಎಂಬ ವರ್ತಮಾನವನ್ನು ಮಿದುಳಿನ ಗಡಿಯಾರಕ್ಕೆ ಮುಟ್ಟಿಸುವುದು ಇವುಗಳ ಕಾಯಕ. ಸುಮಾರು 480 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕಿಗೆ ಇವು ಹೆಚ್ಚು ಎಚ್ಚರಗೊಳ್ಳುತ್ತವೆ. ಕತ್ತಲಾದಾಗ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಸ್ರಾವದ ಮೂಲಕ ದೇಹವನ್ನು ನಿದ್ದೆಗೆ ಅಣಿಗೊಳಿಸುತ್ತದೆ. ನೀಲಿ ಹೆಚ್ಚಾಗಿರುವ ಪ್ರಬಲ ಬೆಳಕು ಕಣ್ಣಿಗೆ ಬಿದ್ದರೆ ಆ ಸ್ರಾವ ತಗ್ಗುತ್ತದೆ. ಇಲ್ಲಿಯವರೆಗಿನ ಮಾತಿನಲ್ಲಿ ವಿವಾದವಿಲ್ಲ.

ವಿವಾದ ಆರಂಭವಾಗುವುದು ಪರದೆಯ ಬಣ್ಣ ಬದಲಿಸಿದ ಮಾತ್ರಕ್ಕೆ ನಿದ್ದೆ ಸುಧಾರಿಸುವುದೇ ಎಂಬಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಜನರು ಮಲಗುವ ಮುನ್ನ ನಾಲ್ಕು ಗಂಟೆಗಳ ಕಾಲ, ಐದು ರಾತ್ರಿ ಪರದೆಯ ಮೇಲೆಯೂ ಐದು ರಾತ್ರಿ ಅಚ್ಚಾದ ಪುಸ್ತಕದಲ್ಲಿಯೂ ಓದಿದರು. ಪರದೆಯಲ್ಲಿ ಓದಿದ ರಾತ್ರಿಗಳಲ್ಲಿ ನಿದ್ದೆ ಹತ್ತುವುದು ಸುಮಾರು 10 ನಿಮಿಷ ತಡವಾಯಿತು. ನಾಲ್ಕು ಗಂಟೆ, ಅದೂ ಪೂರ್ಣ ಪ್ರಕಾಶದಲ್ಲಿ ಓದಿಯೂ ಹತ್ತೇ ನಿಮಿಷ ಎಂಬುದನ್ನು ವಾಚಕರು ಗಮನಿಸಬೇಕು. 2019ರಲ್ಲಿ ಅಚ್ಚಾದ ಇನ್ನೊಂದು ಅಧ್ಯಯನವು ಐಪ್ಯಾಡಿನ ನೈಟ್ ಶಿಫ್ಟನ್ನೇ ಪರೀಕ್ಷಿಸಿತು. ಬಣ್ಣವನ್ನು ಹೆಚ್ಚು ಬೆಚ್ಚಗಾಗಿಸಿದರೂ ಕಡಿಮೆ ಬೆಚ್ಚಗಾಗಿಸಿದರೂ ಮೆಲಟೋನಿನ್ ತಗ್ಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 167 ಮಂದಿ ತರುಣ ತರುಣಿಯರನ್ನು ಮೂರು ಗುಂಪು ಮಾಡಿ ನೋಡಿದರು: ನೈಟ್ ಶಿಫ್ಟ್ ಹಾಕಿದ ಫೋನು, ಹಾಕದ ಫೋನು, ಫೋನೇ ಇಲ್ಲದವರು. ಒಟ್ಟಾರೆಯಾಗಿ ಮೊದಲೆರಡು ಗುಂಪುಗಳ ನಿದ್ದೆಯಲ್ಲಿ ಭೇದವಿರಲಿಲ್ಲ. ನಿದ್ದೆಗೆ ಸಾಕಷ್ಟು ಸಮಯ ಕೊಟ್ಟವರಲ್ಲಿ ಮಾತ್ರ, ಫೋನು ಮುಟ್ಟದವರ ನಿದ್ದೆ ಉಳಿದವರದಕ್ಕಿಂತ ಉತ್ತಮವಾಗಿತ್ತು. ನನ್ನ ತೀರ್ಮಾನವೂ ಇದೇ ದಾರಿಯದು. ಮಗುವನ್ನು ಎಚ್ಚರವಾಗಿಡುವುದು ಪರದೆಯ ನೀಲಿಗಿಂತಲೂ ಹೆಚ್ಚಾಗಿ ಪರದೆಯೊಳಗಿನ ಕುತೂಹಲ. ಬಣ್ಣ ಬದಲಿಸುವುದಕ್ಕಿಂತ ಪ್ರಕಾಶವನ್ನು ತಗ್ಗಿಸುವುದೇ ಮೇಲು. ಏಕೆಂದರೆ ಪ್ರಕಾಶ ತಗ್ಗಿದರೆ ನೀಲಿಯೂ ತಾನಾಗಿ ತಗ್ಗುತ್ತದೆ.

ಇನ್ನು ಕಣ್ಣಿನ ದಣಿವು. ಇದಕ್ಕೆ ನೀಲಿ ಬೆಳಕೇ ಕಾರಣವೆಂಬ ಪ್ರಚಾರ ಬಲವಾಗಿದೆ. ಆಧಾರ ಮಾತ್ರ ದುರ್ಬಲವಾಗಿದೆ. ಪರದೆಯನ್ನು ಎವೆಯಿಕ್ಕದೆ ನೋಡುವಾಗ ರೆಪ್ಪೆ ಬಡಿತ ಕಡಿಮೆಯಾಗಿ ಕಣ್ಣೀರಿನ ತೆಳುಪದರ ಒಣಗುತ್ತದೆ. ಹತ್ತಿರದ ಅಕ್ಷರಗಳ ಮೇಲೆ ಬಹಳ ಹೊತ್ತು ದೃಷ್ಟಿ ನಿಲ್ಲಿಸಿದಾಗ ಕಣ್ಣಿನ ಸ್ನಾಯುಗಳು ಬಳಲುತ್ತವೆ. ಉರಿ, ಮಸುಕು, ಹಣೆನೋವುಗಳ ಮೂಲ ಬಹುಪಾಲು ಇಲ್ಲಿದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುವುದು ಇದಕ್ಕಾಗಿಯೇ. ನಮ್ಮಲ್ಲಿ ಅಂಗಳದಾಚೆಯ ಅಡಿಕೆ ಮರದ ತುದಿಯನ್ನು ನೋಡಿದರಾಯಿತು. ರಾತ್ರಿಯಾದರೆ ಚಾವಡಿಯ ಆಚೆಯ ಗೋಡೆ. ‘ನೀಲಿ ತಡೆಯುವ’ ಕನ್ನಡಕಗಳಿಗೆ ಹೆಚ್ಚು ಹಣ ತೆರುವವರು ಒಂದು ವಿಷಯ ತಿಳಿದಿರಲಿ: 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯ 2023ರ ವರದಿಯ ಪ್ರಕಾರ, ಸಾಧಾರಣ ಕನ್ನಡಕಕ್ಕಿಂತ ಅವು ಅಲ್ಪಾವಧಿಯಲ್ಲಿ ದಣಿವನ್ನು ಕಡಿಮೆ ಮಾಡುವಂತೆ ಕಾಣುವುದಿಲ್ಲ. ಆ ಹಣವನ್ನು ಮಗುವಿನ ಕಣ್ಣಿನ ತಪಾಸಣೆಗೆ ಬಳಸಿದರೆ ಸಾರ್ಥಕ. ಚಿಕ್ಕ ಮಕ್ಕಳಿಗೆ ಸಮೀಪದೃಷ್ಟಿ ಬರುವುದನ್ನು ತಡೆಯುವಲ್ಲಿ ಬಯಲಿನ ಬೆಳಕು ಹೆಚ್ಚು ಉಪಕಾರಿ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚಾಗಿ ಹೊರಾಂಗಣ ಚಟುವಟಿಕೆ ಮಾಡಿಸಿದಾಗ, ಮೂರು ವರ್ಷಗಳಲ್ಲಿ ನೂರಕ್ಕೆ 30.4 ಮಂದಿಗೆ ಈ ದೋಷ ಕಾಣಿಸಿತು. ಹಾಗೆ ಮಾಡಿಸದ ಶಾಲೆಗಳಲ್ಲಿ 39.5. ಇದು 2015ರಲ್ಲಿ ಪ್ರಕಟವಾದ ಲೆಕ್ಕ. ಆಟದ ಪಿರಿಯಡನ್ನು ಗಣಿತಕ್ಕೆ ಕಸಿದುಕೊಳ್ಳುವ ನನ್ನ ಸಹೋದ್ಯೋಗಿ ಮಿತ್ರರು ಇದನ್ನು ಓದಬೇಕೆಂದು ಆಸೆ.

ಹಾಗಾದರೆ ಪರದೆಯನ್ನು ಹಳದಿ ಮಾಡುವುದು ವ್ಯರ್ಥವೇ? ಹಾಗೆನ್ನಲಾರೆ. ಮಂದ ಬೆಳಕಿನ ಕೋಣೆಯಲ್ಲಿ ಹಗಲಿನ ಬಿಳುಪು ಚುಚ್ಚಿದಂತಾಗುತ್ತದೆ; ಸುತ್ತಲಿನ ದೀಪಕ್ಕೆ ಹೊಂದಿದ ಬಣ್ಣ ನನಗಂತೂ ಹಿತವಾಗಿದೆ. ಖರ್ಚಿಲ್ಲ, ಕೇಡಿಲ್ಲ. ಹಿತವೆನಿಸುವುದು ಬೇರೆ, ಔಷಧವಾಗುವುದು ಬೇರೆ ಎಂಬ ತಿಳಿವಿದ್ದರೆ ಸಾಕು. ಕೇರಳದ ಶಾಲೆಗಳ ಗಣಕಗಳಲ್ಲಿರುವುದು ಉಬುಂಟುವನ್ನು ಆಧರಿಸಿದ ಸ್ವತಂತ್ರ ತಂತ್ರಾಂಶ. ಉಬುಂಟುವಿನ ಗ್ನೋಮ್ ಆವರಣದಲ್ಲಿ 2017ರಿಂದ ಈ ಸೌಲಭ್ಯವಿದೆ: ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದರೆ ನೈಟ್ ಲೈಟ್ ಕಾಣಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಡಿಸ್‌ಪ್ಲೇ ವಿಭಾಗದಲ್ಲಿಯೇ ಹುಡುಕಬೇಕು. ಹೆಸರು ಕಂಪೆನಿಯಿಂದ ಕಂಪೆನಿಗೆ ಬೇರೆಯಾದೀತು. ಸೂರ್ಯಾಸ್ತವನ್ನು ಅನುಸರಿಸುವ ಏರ್ಪಾಡು ಲಂಡನ್ನಿನಂತಹ ಊರುಗಳಿಗೆ ಬೇಕು. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕರೊಳಗೆ, ಜೂನಿನಲ್ಲಿ ಗಡಿಯಾರ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಕಾಸರಗೋಡಿನಲ್ಲಿ ವರ್ಷವಿಡೀ ಅದು ಆರರಿಂದ ಏಳರ ಆಸುಪಾಸಿನಲ್ಲಿಯೇ ಇರುವುದರಿಂದ ಏಳು ಗಂಟೆಯೆಂದು ಕೈಯಿಂದಲೇ ನಿಗದಿಪಡಿಸಿದರೆ ಸಾಕು. ಬಣ್ಣವನ್ನು ಮೊದಲ ದಿನವೇ ಕೊನೆಯ ಮಟ್ಟಕ್ಕೆ ಎಳೆಯದೆ ಸುಮಾರು 3400 ಕೆಲ್ವಿನ್‌ನಲ್ಲಿಟ್ಟು ಕೆಲವು ದಿನ ನೋಡಬೇಕು. ಅರ್ಧ ಗಂಟೆಯೊಳಗೆ ಕಣ್ಣು ಹೊಂದಿಕೊಂಡು ಪುಟ ಮತ್ತೆ ಬಿಳಿಯೆಂದೇ ತೋರತೊಡಗುತ್ತದೆ.

ಬಣ್ಣದ ನಿಖರತೆ ಬೇಕಾದ ಕೆಲಸಕ್ಕೆ ಮಾತ್ರ ಇದನ್ನು ನಿಲ್ಲಿಸಿಕೊಳ್ಳಬೇಕು. ಸಮಾರಂಭದ ಛಾಯಾಚಿತ್ರಗಳನ್ನು ತಿದ್ದುವವರೂ ರಾತ್ರಿ ಫೋನಿನಲ್ಲಿ ಸೀರೆ ಆರಿಸುವವರೂ ಹಳದಿ ಪರದೆಯನ್ನು ನಂಬಿದರೆ ಮರುದಿನ ಬೇರೆಯೇ ಬಣ್ಣ ಕಂಡಾರು. ಇಂತಹ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳುಹಿಸಿದರೆ ಅವರಿಗೆ ಹಳದಿ ಕಾಣಿಸದು. ತಂತ್ರಾಂಶ ಬದಲಿಸುವುದು ಚಿತ್ರವನ್ನಲ್ಲ, ಚಿತ್ರವು ಪರದೆಗೆ ಹೋಗುವ ದಾರಿಯ ಕೋಷ್ಟಕವನ್ನು.