ನಾಲಿಗೆಗೆ ಸಿಗದ ಹಾಲಿನ ದೋಷಗಳು



ಹಿಂದೆ ಅರಸರ ಊಟದಲ್ಲಿ ವಿಷವಿದೆಯೇ ಎಂದು ತಿಳಿಯಲು ಬೇರೊಬ್ಬರು ಮೊದಲು ಉಂಡು ನೋಡುತ್ತಿದ್ದರು. ಆಹಾರವನ್ನು ಬೆಂಕಿಗೂ ಹಕ್ಕಿಗಳಿಗೂ ಹಾಕಿ ಪರೀಕ್ಷಿಸುವ ಕ್ರಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಇಂದು ಈ ಕೆಲಸ ಶಾಲೆಗಳಲ್ಲಿ ನಡೆಯುತ್ತಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ಮಾರ್ಗಸೂಚಿ ಇರುವುದು ಇಂಥ ಅನಾಹುತ ತಪ್ಪಿಸಲಿಕ್ಕೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿಗೂ ಮೂಲ ಹಾಲು ಉತ್ಪಾದಕರ ಕೊಟ್ಟಿಗೆಯೇ.

ಸಂಘದಲ್ಲಿ ಪರೀಕ್ಷೆ

ಹಾಲು ಪರೀಕ್ಷಕರು ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ವಾಸನೆ ನೋಡುತ್ತಾರೆ. ಹುಳಿ ವಾಸನೆ, ರಸಮೇವಿನ ವಾಸನೆ ಆಗಲೇ ತಿಳಿಯುತ್ತದೆ. ಸಂಶಯವಿದ್ದರೆ ಸ್ವಲ್ಪ ಹಾಲನ್ನು ಕುದಿಸುತ್ತಾರೆ. ಒಡೆದರೆ ಅದು ತೆಗೆದುಕೊಳ್ಳಲು ಯೋಗ್ಯವಲ್ಲ. ಹಸಿ ಹಾಲನ್ನು ಯಾರೂ ಬಾಯಿಗೆ ಹಾಕಬಾರದು. ಕಂದುರೋಗ, ಕ್ಷಯ ಮುಂತಾದವು ಹಾಲಿನ ಮೂಲಕ ಮನುಷ್ಯರಿಗೆ ಹರಡಬಲ್ಲವು. ರುಚಿ ನೋಡಲೇಬೇಕಾದರೆ ಕುದಿಸಿ ಆರಿಸಿ ನೋಡಿ, ಉಗುಳಬೇಕು. ಉಪ್ಪುಪ್ಪಾಗಿದ್ದರೆ ಕೆಚ್ಚಲು ಬಾವಿನ ಸಂಶಯ ಪಡಬೇಕು. ಕಹಿಯಾಗಿದ್ದರೆ ಹಸು ಪಾರ್ಥೇನಿಯಂ ಕಳೆ ಮೇದಿರಬಹುದು.

ರುಚಿಯಿಂದ ತಿಳಿಯದವು

ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯೋಟಿಕ್ ಔಷಧದ ಅಂಶ ಹಾಲಿಗೆ ಬರುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಹಾಲಿಗೆ ಇಳಿಯುತ್ತದೆ. ಇವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಇವು ಹೋಗುವುದಿಲ್ಲ. ಶಾಲೆಯ ಶಿಕ್ಷಕರು ಎಷ್ಟು ಎಚ್ಚರಿಕೆಯಿಂದ ರುಚಿ ನೋಡಿದರೂ ಇವು ಅವರಿಗೆ ತಿಳಿಯುವಂತಿಲ್ಲ. ತಿಳಿದಿರುವವರು ಔಷಧ ಹಾಕಿಸಿದ, ಮೇವು ಹಾಕಿದ ರೈತರು ಮಾತ್ರ. ಆದ್ದರಿಂದ:

1. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಒಂದೇ ಮೊಲೆಗೆ ಔಷಧ ಹಾಕಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಿ.
2. ಆ ಹಾಲನ್ನು ಒಳ್ಳೆಯ ಹಾಲಿಗೆ ಬೆರೆಸಬೇಡಿ. ಬೆರೆಸಿದರೆ ಇಡೀ ಕ್ಯಾನು ಕೆಡುತ್ತದೆ.
3. ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆಯಿರಿ. ಗರಣೆ ಕಂಡರೆ ಕೆಚ್ಚಲು ಬಾವು ಎಂದು ತಿಳಿದು ವೈದ್ಯರಿಗೆ ತಿಳಿಸಿ.
4. ಹಿಂಡಿ, ಪಶು ಆಹಾರದ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಸ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಮತ್ತೆ ತಿನ್ನಿಸಬೇಡಿ. ಬೂಸ್ಟು ಒಣಗಿದರೂ ವಿಷ ಉಳಿಯುತ್ತದೆ.
5. ರಸಮೇವನ್ನು ಹಾಲು ಕರೆದ ನಂತರವೇ ಹಾಕಿ.

ಎರಡು ಮೂರು ದಿನದ ಹಾಲಿನ ಹಣ ಕೈತಪ್ಪುವುದು ಸಣ್ಣ ರೈತನಿಗೆ ಕಷ್ಟವೇ ಸರಿ. ಆದರೆ ಆ ಹಾಲು ಕುಡಿಯುವ ಮಗು ನಮ್ಮ ಊರಿನ ಶಾಲೆಯದೇ ಆಗಿರಬಹುದು.