ಅಮ್ಮನ ಕೊಬ್ಬರಿ ಎಣ್ಣೆ ಕ್ಲೆಮೆಂಟಿಯಲ್ಲಿ ಯಾಕೆ ಗಟ್ಟಿಯಾಗಲ್ಲ?

ಜುಲೈನಲ್ಲಿ ಇಲ್ಲಿಗೆ ಹೊರಡುವಾಗ ಅಮ್ಮ ಸೂಟ್‌ಕೇಸಿನಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆ ತುರುಕಿದ್ದರು. ಡಿಸೆಂಬರ್‌ನಲ್ಲಿ ಫೋನ್ ಮಾಡಿದಾಗ, "ಎಣ್ಣೆ ಗಟ್ಟಿಯಾಗಿದ್ಯೇನೋ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಅಂಗಡಿಯವನು ಕಲಬೆರಕೆ ಮಾಡಿದಾನೆ ಬಿಡು!"

ಪಾಪ, ಅಂಗಡಿಯವನದ್ದೇನೂ ತಪ್ಪಿರಲಿಲ್ಲ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಉಷ್ಣತೆ 16ರ ಆಸುಪಾಸಿಗೆ ಇಳಿಯುತ್ತದೆ. ಸಿಂಗಪುರದಲ್ಲಿ ರಾತ್ರಿಯೂ 24-25, ಹಗಲು 30ರ ಮೇಲೆ. ಪರೀಕ್ಷಿಸೋಣ ಅಂತ ಬಾಟಲಿಯನ್ನು ಏಸಿ ರೂಮಿನಲ್ಲಿ 20 ಡಿಗ್ರಿಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬೆಳ್ಳಗೆ ಹೆಪ್ಪುಗಟ್ಟಿತ್ತು!

ಹಾಗಂತ ಗಟ್ಟಿಯಾದದ್ದೆಲ್ಲ ಶುದ್ಧ ಅಂತಲೂ ಅಲ್ಲ. ತಾಳೆ ಬೀಜದ ಎಣ್ಣೆಯೂ ಹೆಚ್ಚುಕಡಿಮೆ ಇದೇ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ.

ಒಳಗೆ ಏನಾಗುತ್ತೆ?

ಘನವಸ್ತುವಿನ ಅಣುಗಳು ತಮ್ಮ ಜಾಗದಲ್ಲೇ ನಿಂತು ಕಂಪಿಸುತ್ತವೆ. ಶಾಖ ಕೊಟ್ಟಂತೆ ಕಂಪನ ಹೆಚ್ಚಿ, ಹಿಡಿತ ಸಡಿಲಗೊಂಡು ಒಂದರ ಪಕ್ಕ ಒಂದು ಜಾರತೊಡಗುತ್ತವೆ: ಅದು ದ್ರವ. ಇನ್ನೂ ಶಾಖ ಕೊಟ್ಟರೆ ಹಿಡಿತ ಪೂರ್ತಿ ಬಿಟ್ಟು ಹಾರುತ್ತವೆ: ಅದು ಅನಿಲ. ಮಂಜುಗಡ್ಡೆ ಸರಿಯಾಗಿ 0 ಡಿಗ್ರಿಯಲ್ಲಿ ಕರಗುತ್ತದೆ. ಎಣ್ಣೆ ಹಲವು ಕೊಬ್ಬುಗಳ ಮಿಶ್ರಣವಾದ್ದರಿಂದ ನಿಧಾನವಾಗಿ ಮೆತ್ತಗಾಗುತ್ತಾ ಕರಗುತ್ತದೆ.

ಒಂದು ವಿಚಿತ್ರ ಗಮನಿಸಿ. ಕುದಿಯುತ್ತಿರುವ ನೀರಿಗೆ ಎಷ್ಟೇ ಉರಿ ಹಾಕಿದರೂ ಉಷ್ಣತೆ ಏರಲ್ಲ. ಸಮುದ್ರಮಟ್ಟದ ಕ್ಲೆಮೆಂಟಿಯಲ್ಲಿ ಅದು 100ರಲ್ಲೇ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ 97ರಲ್ಲೇ ಕುದಿಯುತ್ತದೆ. ಕೊಟ್ಟ ಶಾಖವೆಲ್ಲ ಅಣುಗಳ ಹಿಡಿತ ಬಿಡಿಸುವುದಕ್ಕೇ ಖರ್ಚು. ಇದೇ ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಗುಪ್ತೋಷ್ಣ.

ಇಡ್ಲಿ ಪಾತ್ರೆಯ ಪಾಠ

ಇದು ಬರೀ ಪರೀಕ್ಷೆಯ ವಿಷಯ ಅಂದ್ಕೊಂಡಿದ್ದೆ, ನನ್ನ ರೂಮ್‌ಮೇಟ್ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಕೈ ಸುಟ್ಟುಕೊಳ್ಳುವವರೆಗೆ. "ಬರೀ ಹಬೆ ತಾನೇ" ಅಂದಿದ್ದ. ಲೆಕ್ಕ ನೋಡಿ: 100 ಡಿಗ್ರಿಯ ಒಂದು ಗ್ರಾಂ ನೀರು ದೇಹದ 37 ಡಿಗ್ರಿಗೆ ತಣಿಯುವಾಗ ಬಿಡುವ ಶಾಖ ಸುಮಾರು 260 ಜೂಲ್. ಅದೇ ಒಂದು ಗ್ರಾಂ ಹಬೆ ಮೊದಲು ನೀರಾಗುವಾಗಲೇ ಸುಮಾರು 2,260 ಜೂಲ್ ಬಿಡುತ್ತದೆ, ಆಮೇಲೆ ಆ 260 ಬೇರೆ. ಹೆಚ್ಚುಕಡಿಮೆ ಹತ್ತು ಪಟ್ಟು! ಇಡ್ಲಿ ಹತ್ತೇ ನಿಮಿಷಕ್ಕೆ ಬೇಯುವುದೂ ಇದೇ ಗುಪ್ತೋಷ್ಣದಿಂದ, ಕೈ ಬೇಯುವುದೂ ಇದರಿಂದಲೇ.

ಹೊಸದಾಗಿ ಅಡುಗೆ ಕಲಿಯುತ್ತಿರುವವರು ದಯವಿಟ್ಟು ನೆನಪಿಡಿ. ಒಲೆ ಆರಿಸಿ ಸ್ವಲ್ಪ ಕಾಯಿರಿ, ಮುಚ್ಚಳವನ್ನು ನಿಮ್ಮಿಂದ ಆಚೆಗೆ ಓರೆ ಮಾಡಿ ತೆಗೆಯಿರಿ. ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಬೊಬ್ಬೆ ದೊಡ್ಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ರೂಮ್‌ಮೇಟ್ ಕೈ ಈಗ ವಾಸಿಯಾಗಿದೆ. ಏಸಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆಯ ಫೋಟೊ ಅಮ್ಮನಿಗೆ ಕಳಿಸಿದೆ. ಉತ್ತರ ಬಂತು: "ಎಣ್ಣೆ ಸರಿಯಿದೆ. ರಾತ್ರಿಯೆಲ್ಲ ಏಸಿ ಹಾಕ್ಕೊಂಡು ಮಲಗ್ತೀಯಾ? ಶೀತ ಆಗುತ್ತೆ!"